ಯಾವ ಬೋಲ್ಡು?

ಶನಿವಾರ ಜಯನಗರದಲ್ಲಿ ಮಗಳ ಸ್ಕೂಲಿನ ಪೇರೆಂಟ್ಸ್ ಮೀಟಿಂಗ್. ಮಿಸ್ ಒಂದೇ ಮಾತು ಹೇಳಿದರು, “ನಿಮ್ಮ ಮಗಳು ತುಂಬಾ ಬೋಲ್ಡ್.” ಅಷ್ಟರಲ್ಲಿ ಮುಂದಿನವರನ್ನು ಕರೆದರು. ಹೊಗಳಿದರೋ ದೂರಿದರೋ ಗೊತ್ತಾಗಲಿಲ್ಲ.

ಅಲ್ಲಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋದೆ, ತಮ್ಮನ ಮದುವೆ ಕಾರ್ಡಿನ ಪ್ರೂಫ್ ನೋಡೋಕೆ. ಅಂಗಡಿ ಹುಡುಗ ಕೇಳಿದ, “ಹೆಸರು ಬೋಲ್ಡ್ ಮಾಡ್ಲಾ ಮೇಡಂ?” ಈ ಬೋಲ್ಡಿನಲ್ಲಿ ಗೊಂದಲವೇ ಇಲ್ಲ. ಅಕ್ಷರ ದಪ್ಪ ಆಗಬೇಕು, ಕಣ್ಣಿಗೆ ಹೊಡೆಯಬೇಕು. 1845ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಬೆಸ್ಲಿ ಎಂಬವರು ಕ್ಲಾರೆಂಡನ್ ಅನ್ನೋ ದಪ್ಪ ಅಚ್ಚು ತಂದರು. ಡಿಕ್ಷನರಿಯಲ್ಲಿ ಪದ ಎದ್ದು ಕಾಣಿಸೋಕೆ ಅದನ್ನು ಬಳಸಿದರು.

ಪದ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು. ನಮ್ಮ ರಿಚ್ಮಂಡ್ ಟೌನಿನಲ್ಲಿ ಬಾಲ್ಡ್‌ವಿನ್ ಶಾಲೆಗಳಿವೆಯಲ್ಲ, ಆ ಹೆಸರಲ್ಲೂ ಇದೇ ಪದ ಅಡಗಿದೆ, ಮೂಲದಲ್ಲಿ ಅದರ ಅರ್ಥ ಧೈರ್ಯವಂತ ಗೆಳೆಯ. ಆದರೆ ಐರ್ಲೆಂಡಿನಲ್ಲಿ ಮಗುವನ್ನು ಬೋಲ್ಡ್ ಅಂದರೆ ತಂಟೆಕೋರ, ಹೇಳಿದ ಮಾತು ಕೇಳಲ್ಲ ಅಂತ! ಇಂಗ್ಲಿಷಿನವರದ್ದೇ ಈ ಕಥೆ ಅಂದುಕೊಳ್ಳಬೇಡಿ. ನಮ್ಮ ‘ದಿಟ್ಟ’ ಬಂದದ್ದು ಸಂಸ್ಕೃತದ ‘ಧೃಷ್ಟ’ದಿಂದ, ಅದಕ್ಕೂ ಧೈರ್ಯಶಾಲಿ, ನಾಚಿಕೆ ಇಲ್ಲದವನು ಅಂತ ಎರಡೂ ಅರ್ಥ ಇದೆ.

ಇದನ್ನೆಲ್ಲ ಒಪ್ಪಿಕೊಳ್ಳಬಹುದು. ನನಗೆ ಸಿಟ್ಟು ಬರೋದು ಬೇರೆ ಕಡೆ. ವಾಪಸ್ ಬರುವಾಗ ಮೊಬೈಲ್ ತೆರೆದರೆ ‘ನಟಿಯ ಬೋಲ್ಡ್ ಫೋಟೋಶೂಟ್’, ಅದರ ಕೆಳಗೆ ‘ಬೋಲ್ಡ್ ಸೀನ್‌ಗೆ ಒಪ್ಪಿದ ನಾಯಕಿ’. ಹೀರೋ ಶರ್ಟ್ ಬಿಚ್ಚಿ ನಿಂತರೆ ಯಾರಾದರೂ ಬೋಲ್ಡ್ ಅಂತ ಬರೀತಾರಾ? ಹೆಣ್ಣಿಗೆ ಮಾತ್ರ ಈ ಪದ ಬಟ್ಟೆ ಅಳೆಯೋ ಟೇಪ್ ಆಗಿದೆ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಬರುವವಳು, ಬಿಎಂಟಿಸಿ ಬಸ್ಸಿನಲ್ಲಿ ಮೈಗೆ ತಾಗಿದವನ ಕಾಲರ್ ಹಿಡಿದವಳು, ಸೈಟು ತನ್ನ ಹೆಸರಿಗೂ ಬರಲಿ ಅಂತ ಅಣ್ಣಂದಿರ ಮುಂದೆ ಕೂತು ಕೇಳಿದವಳು, ಇವರಿಗೆ ಹೇಳೋಕೆ ಆ ಪದದಲ್ಲಿ ಏನು ಉಳಿಯಿತು? ಇವರನ್ನು ಬೋಲ್ಡ್ ಅಂದರೂ ಕೇಳಿದವರು ಮೊದಲು ಒಂದು ಥರಾ ನಗ್ತಾರೆ, ಅಲ್ವಾ?

ನಮ್ಮಜ್ಜಿ ಬಾಯಲ್ಲಿ ‘ಗಟ್ಟಿಗಿತ್ತಿ’ ಅನ್ನೋ ಪದ ಇತ್ತು. ಎಷ್ಟು ತೂಕ ಇದೆ ನೋಡಿ ಅದಕ್ಕೆ. ಅದನ್ನು ಯಾಕೆ ಬಿಟ್ಟೆವೋ ಗೊತ್ತಿಲ್ಲ, ನಾನಂತೂ ಇನ್ಮೇಲೆ ಅದನ್ನೇ ಬಳಸ್ತೀನಿ.

ರಾತ್ರಿ ಊಟಕ್ಕೆ ಕೂತಾಗ ಮಗಳನ್ನು ಕೇಳಿದೆ, ಕ್ಲಾಸಲ್ಲಿ ಏನು ಮಾಡಿದೆ ಅಂತ. “ಬೋರ್ಡ್ ಮೇಲಿನ ಲೆಕ್ಕ ತಪ್ಪಿತ್ತಮ್ಮ, ಎದ್ದು ನಿಂತು ಹೇಳಿದೆ” ಅಂದಳು. ಸೋಮವಾರ ಮಿಸ್‌ಗೆ ಫೋನ್ ಮಾಡಿ, ಯಾವ ಬೋಲ್ಡು ಅಂತ ಕೇಳ್ತೀನಿ.