ಹೀಟ್ ಪಂಪ್ ಕೆಟ್ಟರೂ ಮನೆ ಬೆಚ್ಚಗೇ ಇರುತ್ತದೆ, ತೊಂದರೆ ಅದೇ

ಫ್ಯಾನು, ಮಿಕ್ಸಿ, ನೀರಿನ ಪಂಪು, ಯಾವುದೇ ಇರಲಿ, ನಮ್ಮವರದು ಒಂದೇ ಲೆಕ್ಕ. ಓಡುತ್ತಿದೆಯಾ, ಮುಟ್ಟಬೇಡ. ನಿಂತರೆ ಮೆಕ್ಯಾನಿಕ್‌ನ ಕರೆದರಾಯಿತು. ಕರ್ನಾಟಕ ಬಿಟ್ಟು ಚಳಿಯ ಸೀಮೆಗೆ ಬಂದಾಗ ನಾನು ಈ ಬುದ್ಧಿಯನ್ನೂ ಜೊತೆಗೇ ಕಟ್ಟಿಕೊಂಡು ಬಂದೆ. ಮನೆ ಬೆಚ್ಚಗಿಡಲು ಹೀಟ್ ಪಂಪ್ ಅನ್ನುವ ಯಂತ್ರ ಇತ್ತು. ನೋಡೋಕೆ ಥೇಟ್ ಎಸಿ. ಹಾಗಾಗಿ ಎಸಿ ನೋಡಿಕೊಂಡ ಹಾಗೇ ನೋಡಿಕೊಂಡೆ, ಅಂದರೆ ನೋಡಲೇ ಇಲ್ಲ.

ಎರಡನೇ ಚಳಿಗಾಲದಲ್ಲಿ ಕರೆಂಟ್ ಬಿಲ್ ನೋಡಿ ಎದೆ ಧಸಕ್ ಅಂದಿತು. ಮನೆಯೇನೋ ಬೆಚ್ಚಗೇ ಇತ್ತು! ಮೆಕ್ಯಾನಿಕ್ ಬಂದು ಫಿಲ್ಟರ್ ಎಳೆದು ತೋರಿಸಿದಾಗ ಅದು ಫಿಲ್ಟರೋ ಕಂಬಳಿಯೋ ಗೊತ್ತಾಗುತ್ತಿರಲಿಲ್ಲ. ಜೊತೆಗೆ ಎಸಿಯಲ್ಲಿರುವ ಹಾಗೆ ಇದರ ಪೈಪಿನಲ್ಲೂ ಸುತ್ತುವ ಗ್ಯಾಸ್ ಕೂಡ ಸೋರಿತ್ತು. ಪಂಪಿನ ಕೈಲಿ ಆಗದ ಕೆಲಸವನ್ನೆಲ್ಲ ಒಳಗಿದ್ದ ಬ್ಯಾಕಪ್ ಹೀಟರ್ ಸದ್ದಿಲ್ಲದೆ ಮಾಡುತ್ತಿತ್ತು. ಹೀಟ್ ಪಂಪ್ ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ಒಳಗೆ ತರುತ್ತದೆ, ಅದಕ್ಕೇ ಒಂದು ಯೂನಿಟ್ ಕರೆಂಟಿಗೆ ಹವೆ ನೋಡಿಕೊಂಡು 2ರಿಂದ 4 ಯೂನಿಟ್ ಶಾಖ ಸಿಗುತ್ತದೆ. ಬ್ಯಾಕಪ್ ಹೀಟರ್ ಅಂದರೆ ಬರೀ ಕಾಯುವ ಕಾಯಿಲ್, 1ಕ್ಕೆ 1. ಫ್ಯಾನ್ ಕೆಟ್ಟರೆ ನಿಲ್ಲುತ್ತದೆ, ನಮಗೂ ಗೊತ್ತಾಗುತ್ತದೆ. ಇದು ನಿಲ್ಲುವುದಿಲ್ಲ. ಅದಕ್ಕೇ ‘ಕೆಟ್ಟಾಗ ನೋಡೋಣ’ ಅನ್ನುವ ನಮ್ಮ ದಾರಿ ಇಲ್ಲಿ ನಡೆಯಲ್ಲ.

ಎಸಿಗೆ ವರ್ಷದಲ್ಲಿ ಅರ್ಧ ಕಾಲ ರಜೆ. ಇದಕ್ಕೆ ರಜೆಯೇ ಇಲ್ಲ, ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬಿಸಿ. ಅದು ತಲೆಗೆ ಹೋಗದೆ ನಾನು ಮೊದಲ ಚಳಿಗಾಲಕ್ಕೆ ಹೊರಗಿನ ಯೂನಿಟ್‌ಗೆ ಟಾರ್ಪಾಲು ಹೊದಿಸಲು ಹೊರಟಿದ್ದೆ. ಪಾಪ, ಚಳಿ ಅಲ್ವಾ ಅಂತ! ಪಕ್ಕದ ಮನೆಯವರು ನೋಡಿ ಓಡಿ ಬಂದು ತಡೆದರು. ಗಾಳಿ ಎಳೆದುಕೊಳ್ಳುವ ಯಂತ್ರಕ್ಕೆ ಮೂಗು ಮುಚ್ಚಿದ ಹಾಗೆ ಅದು. ಸುತ್ತ ಎರಡು ಅಡಿ ಜಾಗ ಖಾಲಿ ಇರಬೇಕು. ಹಿಮ ಬೀಳುವ ಕಡೆ ನೆಲದ ಮೇಲೆ ಇಡದೆ ಸ್ಟ್ಯಾಂಡ್ ಮೇಲೆ ಎತ್ತರಿಸಬೇಕು. ಸೂರಿನ ನೀರು ನೇರ ಅದರ ಮೇಲೆ ಬಿದ್ದು ಹೆಪ್ಪುಗಟ್ಟಿದರೆ ಫ್ಯಾನಿನ ರೆಕ್ಕೆಗೇ ಪೆಟ್ಟು.

ಇನ್ನು ಆ ಹೊಗೆ. ಒಂದು ಬೆಳಗ್ಗೆ ಯೂನಿಟ್‌ನಿಂದ ಬಿಳಿ ಹೊಗೆ ಏಳುತ್ತಿದ್ದುದು ಕಂಡು ಹೋಗಿ ಬ್ರೇಕರ್ ಇಳಿಸಿಬಿಟ್ಟೆ. ಅದು ಹೊಗೆ ಅಲ್ಲ, ಆವಿ. ಹೊರಗಿನ ಕಾಯಿಲ್ ಮೇಲೆ ಮಂಜು ಕಟ್ಟಿದಾಗ ಯಂತ್ರ ತಾನೇ ಕೆಲವು ನಿಮಿಷ ಉಲ್ಟಾ ಓಡಿ, ಬಿಸಿಯನ್ನು ಹೊರಗೆ ಕಳಿಸಿ ಅದನ್ನು ಕರಗಿಸಿಕೊಳ್ಳುತ್ತದೆ. ಅದೇ ಡಿಫ್ರಾಸ್ಟ್. ತೆಳುವಾಗಿ ಬಿಳಿ ಕಟ್ಟಿದರೆ ಸುಮ್ನೆ ಬಿಡಿ. ಇಡೀ ಯೂನಿಟ್ ಗಂಟೆಗಟ್ಟಲೆ ಐಸ್ ಗಡ್ಡೆಯಾಗಿ ಕೂತರೆ ಮಾತ್ರ ಏನೋ ಕೆಟ್ಟಿದೆ ಅಂತ ಅರ್ಥ. ಸ್ಕ್ರೂಡ್ರೈವರ್ ತಗೊಂಡು ಕುಟ್ಟಬೇಡಿ, ತೆಳು ತಗಡುಗಳು ಬಗ್ಗುತ್ತವೆ, ಪೈಪು ತೂತಾದರೆ ಮುಗಿಯಿತು.

ಗ್ಯಾಸ್ ವಿಷಯಕ್ಕೂ ಒಂದು ಮಾತು. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು ಅಂತ ನಾವು ಬೆಳೆದದ್ದೇ ಹಾಗೆ. ಗ್ಯಾಸ್ ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ, ಮುಚ್ಚಿದ ಪೈಪಿನಲ್ಲಿ ಅದದೇ ಸುತ್ತುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವುದನ್ನು ಹುಡುಕದೆ ತುಂಬಿಸಿ ಹೋಗುವವನು ಮುಂದಿನ ವರ್ಷವೂ ಬರುತ್ತಾನೆ, ಅಷ್ಟೇ.

ಹಾಗಂತ ಇಲ್ಲಿಯವರ ದಾರಿಯೇ ಸರಿ ಅಂತಲೂ ನಾನು ಒಪ್ಪಲ್ಲ. ವರ್ಷದ ಸರ್ವಿಸ್‌ಗೆ ಸಹಿ ಹಾಕಿ, ಆಮೇಲೆ ಫಿಲ್ಟರ್ ಎಲ್ಲಿದೆ ಅಂತಲೇ ಗೊತ್ತಿಲ್ಲದವರು ಬೇಕಾದಷ್ಟು ಜನ ಇದ್ದಾರೆ. ವರ್ಷಕ್ಕೊಮ್ಮೆ ಬಲ್ಲವರು ಬಂದು ಗ್ಯಾಸ್, ವೈರಿಂಗ್, ಒಳಗಿನ ಕಾಯಿಲ್ ನೋಡಲೇಬೇಕು, ಅದು ನಮ್ಮ ಕೆಲಸ ಅಲ್ಲ. ಆದರೆ ಸ್ಟೂಲ್ ಹತ್ತಿ ಫ್ಯಾನ್ ಒರೆಸಿ ಬೆಳೆದವರಿಗೆ ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ನೋಡುವುದು, ತೊಳೆಯುವಂಥದ್ದಾದರೆ ತೊಳೆದು ಒಣಗಿಸಿ ಹಾಕುವುದು ಏನು ಮಹಾ? ಎಲೆ ಉದುರುವ ಕಾಲದಲ್ಲಿ ಸುತ್ತ ಗುಡಿಸುತ್ತೇನೆ. ಬೇಸಿಗೆ ಶುರುವಾಗುವ ಮುಂಚೆ ಬ್ರೇಕರ್ ಇಳಿಸಿ ಹೊರಗಿನ ಕಾಯಿಲ್‌ಗೆ ಮೆಲ್ಲಗೆ ನೀರು ಬಿಡುತ್ತೇನೆ, ಪ್ರೆಷರ್ ವಾಷರ್ ಮುಟ್ಟುವುದಿಲ್ಲ. ಒಳಗಿನ ಯೂನಿಟ್‌ನ ನೀರು ಹೋಗುವ ಪೈಪಿನಲ್ಲಿ ಪಾಚಿ ಕಟ್ಟುವುದೂ ಬೇಸಿಗೆಯಲ್ಲೇ. ಅದು ಕಟ್ಟಿಕೊಂಡರೆ ನೀರು ಗೋಡೆಗೆ ಇಳಿಯುತ್ತದೆ.

ನಮ್ಮ ಒಳ್ಳೆಯ ಅಭ್ಯಾಸವೇ ಕೈಕೊಡುವ ಜಾಗವೂ ಒಂದಿದೆ. ಬೇಡದಾಗ ಆಫ್ ಮಾಡು, ಸುಮ್ನೆ ಯಾಕೆ ಓಡಬೇಕು ಅನ್ನುವುದು. ರಾತ್ರಿ 15 ಡಿಗ್ರಿಗೆ ಇಳಿಸಿ, ಬೆಳಗ್ಗೆ ಒಮ್ಮೆಲೇ 22ಕ್ಕೆ ಏರಿಸಿದರೆ, ಪಂಪಿನಿಂದ ಅಷ್ಟು ಬೇಗ ಆಗದೆ ಅದೇ ಬ್ಯಾಕಪ್ ಹೀಟರ್ ಎದ್ದು ಕೂರುತ್ತದೆ, ರಾತ್ರಿ ಉಳಿಸಿದ್ದೆಲ್ಲ ಬೆಳಗ್ಗೆ ಹೋಗುತ್ತದೆ. ಒಂದೇ ಮಟ್ಟದಲ್ಲಿ ನಿಧಾನವಾಗಿ ಓಡಲು ಬಿಡಿ. ಬರುವ ಗಾಳಿ ಉಗುರುಬೆಚ್ಚಗಿದೆ ಅಂತ ಗಾಬರಿಯೂ ಬೇಡ, ಇದರ ರೀತಿಯೇ ಅಷ್ಟು.

ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡುವುದು ಮಾತ್ರ ನನಗೆ ಇನ್ನೂ ಹೋಗಿಲ್ಲ. ಕೊರೆಯುವ ಚಳಿಯಲ್ಲಿ ಹಾಗೆ ಮಾಡಿದರೆ ಒಳಗಿನ ನೀರು ಹೆಪ್ಪುಗಟ್ಟಿ ಮನೆಯ ನೀರಿನ ಪೈಪು ಒಡೆಯಬಹುದು. ಕಂಪ್ರೆಸರ್‌ನ ಎಣ್ಣೆಯನ್ನು ಬೆಚ್ಚಗಿಡುವ ಪುಟ್ಟ ಹೀಟರ್ ಇದ್ದರೆ ಅದೂ ಆರಿಹೋಗುತ್ತದೆ, ಬಂದ ಕೂಡಲೇ ಚಾಲು ಮಾಡಿದರೆ ಕಂಪ್ರೆಸರ್‌ಗೆ ಕೇಡು. ಇಷ್ಟೆಲ್ಲ ಗೊತ್ತಿದ್ದೂ ಬ್ಯಾಗು ಹೊರಗಿಟ್ಟ ಮೇಲೆ ಕೈ ತಾನಾಗಿ ಆ ಕಡೆ ಹೋಗುತ್ತದೆ. ಹೆಂಡತಿ ಬಾಗಿಲಲ್ಲೇ ನಿಂತು ಕೂಗುತ್ತಾಳೆ, “ರೀ, ಅದೊಂದು ಬಿಟ್ಟು ಬನ್ರೀ!”