ಇದು ಬಂದೂಕಲ್ಲವೆಂದು ದೃಢೀಕರಿಸಲಾಗಿದೆ

ನನ್ನ ಅಕ್ಕನ ಮಗ ಜರ್ಮನಿಯಲ್ಲಿ ಕೆಲಸಕ್ಕಿದ್ದಾನೆ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂರುತ್ತಾನೆ, ಭಾನುವಾರ ಗೆಳೆಯರ ಮೇಲೆ ಬಣ್ಣದ ಗುಂಡು ಹಾರಿಸುತ್ತಾನೆ. ಪೇಂಟ್‌ಬಾಲ್ ಎಂದು ಆ ಆಟದ ಹೆಸರು. ಈ ಸಲ ಹೋಳಿಗೆ ಹುಬ್ಬಳ್ಳಿಗೆ ಬಂದಾಗ ಮನೆಯವರಿಗೆ ತೋರಿಸಲೆಂದು ಆಟದ ಸಾಮಾನನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದ. ತರುವಾಗ ಎರಡು ದೇಶಗಳಲ್ಲಿ ಒಬ್ಬರೂ ಏನೂ ಕೇಳಲಿಲ್ಲ. ಒಯ್ಯುವಾಗ ಏನಾದೀತೋ ಎಂಬ ಚಿಂತೆ ಹುಟ್ಟಿದ್ದು ನನ್ನ ತಲೆಯಲ್ಲಿ. ಮೂವತ್ತು ವರ್ಷ ಆವಕ-ಜಾವಕದ ನಡುವೆ ಸವೆದು ನಿವೃತ್ತನಾದವನು ನಾನು. ಕಾಗದವಿಲ್ಲದ ವಸ್ತುವೊಂದು ಮನೆಯಲ್ಲಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. “ಯಾವುದಕ್ಕೂ ಒಂದು ಪತ್ರ ಇರಲಿ” ಎಂದೆ. ಮುಂದಿನ ಹದಿಮೂರು ದಿನಗಳ ಪಾಪವೆಲ್ಲ ಆ ಒಂದು ಮಾತಿಗೆ ಸೇರಿದ್ದು.

ವಸ್ತುವಿಗೆ ನಳಿಗೆಯಿದೆ, ಹಿಡಿಯಿದೆ, ಕುದುರೆಯಿದೆ. ನಾನು ‘ಗನ್’ ಎಂದಾಗಲೆಲ್ಲ ಹುಡುಗ ಮುಖ ಸಿಂಡರಿಸುತ್ತಿದ್ದ. “ಮಾಮಾ, ಗನ್ ಎನ್ನಬೇಡಿ. ಆಡುವವರೆಲ್ಲ ಮಾರ್ಕರ್ ಎನ್ನುತ್ತಾರೆ.” ಅವನ ಮಾತಿನಲ್ಲಿ ಹುರುಳಿತ್ತು. ಅಮೆರಿಕದ ಅರಣ್ಯ ಸಿಬ್ಬಂದಿ ಕಡಿಯಬೇಕಾದ ಮರಕ್ಕೆ, ದನಗಾಹಿಗಳು ಬೇರ್ಪಡಿಸಬೇಕಾದ ದನಕ್ಕೆ ದೂರದಿಂದಲೇ ಬಣ್ಣದ ಗುರುತು ಹಾಕಲು ಇಟ್ಟುಕೊಂಡಿದ್ದ ಉಪಕರಣ ಅದು. ರಸ್ತೆ ಅಗಲಿಸುವ ಮುಂಚೆ ನಮ್ಮಲ್ಲಿ ಮರಗಳಿಗೆ ಬಳಿಯುವ ಸಂಖ್ಯೆಗಳನ್ನು ಕಂಡವರಿಗೆ ಅರ್ಥವಾಗುತ್ತದೆ, ಅದೂ ಒಂದು ಬಗೆಯ ಮರಣದಂಡನೆಯೇ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರಿನ ಕಾಡಿನಲ್ಲಿ ಹನ್ನೆರಡು ಜನ ಅದನ್ನು ಹಿಡಿದು ಮೊದಲ ಆಟ ಆಡಿದರು. ಗೆದ್ದವನು ಮರಗಳ ನಡುವೆಯೇ ಕೆಲಸ ಮಾಡುವವನು, ಕೊನೆಯವರೆಗೂ ಒಂದು ಗುಂಡನ್ನೂ ಹಾರಿಸದೆ, ಆಟದಲ್ಲಿ ಸಂಗ್ರಹಿಸಬೇಕಿದ್ದ ಬಾವುಟಗಳನ್ನೆಲ್ಲ ಕಿತ್ತುಕೊಂಡು ಹೊರಬಂದ. ಇಂಥ ಸಾಧು ಚರಿತ್ರೆಯ ವಸ್ತುವಿಗೆ ನಾನು ಅರ್ಜಿ ಬರೆಯಲು ಕೂತೆ.

‘ಮಾರ್ಕರ್ ಒಯ್ಯಲು ಅನುಮತಿ ಕೋರಿ’ ಎಂದು ವಿಷಯ ಬರೆದೆ. ಕಚೇರಿಯ ಹೆಸರು ಬೇಡ. ವಿಷಯ ನಿರ್ವಾಹಕರು ಕನ್ನಡಕದ ಮೇಲಿಂದ ನೋಡಿದರು. “ಪೆನ್ನಿಗೆ ಯಾಕೆ ಸಾಹೇಬರೇ ಅನುಮತಿ?” ಎಂದು ತಮ್ಮ ಮೇಜಿನ ಮೇಲಿದ್ದ ಹಸಿರು ಮಾರ್ಕರ್ ಎತ್ತಿ ತೋರಿಸಿದರು. ಮರುದಿನ ಕನ್ನಡದಲ್ಲೇ ಇರಲೆಂದು ‘ಬಣ್ಣ ಸಿಡಿಸುವ ಯಂತ್ರ’ ಎಂದು ತಿದ್ದಿದೆ. ಅದನ್ನು ಓದಿ ಅವರಿಗೆ ನಿಜಕ್ಕೂ ಸಂತೋಷವಾಯಿತು. ಸಿಂಪಡಿಸುವ ಯಂತ್ರವಾದರೆ ರೈತರ ಸವಲತ್ತಿನ ಸಂಕಲನಕ್ಕೆ ಹೋಗಬೇಕು, ಪಹಣಿ ಲಗತ್ತಿಸಿದರೆ ಸಬ್ಸಿಡಿಯೂ ಸಿಗಬಹುದು ಎಂದರು. ಮೂರನೆಯ ದಿನ ಬೇಸತ್ತು ‘ಬಣ್ಣದ ಬಂದೂಕು’ ಎಂದು ಬರೆದೆ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚಹಾ ತಂದ ಹುಡುಗ ಬಾಗಿಲಲ್ಲೇ ನಿಂತ.

ಕಪಾಟಿನಿಂದ 1959ರ ಶಸ್ತ್ರಾಸ್ತ್ರ ಕಾಯ್ದೆ ಹೊರಬಂತು. ಆಟ ಹುಟ್ಟುವುದಕ್ಕೆ ಇಪ್ಪತ್ತೆರಡು ವರ್ಷ ಮುಂಚಿನ ಕಾಯ್ದೆಯಲ್ಲಿ ಆಟದ ಹೆಸರನ್ನು ಬೆರಳಿಟ್ಟು ಹುಡುಕಿದೆವು.

“ಗುಂಡಿನಲ್ಲಿ ಏನಿರುತ್ತದೆ?”

ಹುಡುಗ ಪ್ರಾಮಾಣಿಕ. “ಹೊರಗಿನ ಸಿಪ್ಪೆ ಜಿಲೆಟಿನ್...” ಎಂದ.

ಮುಗಿಯಿತು. ನಮ್ಮ ಕಡೆ ಜಿಲೆಟಿನ್ ಎಂದರೆ ಕಲ್ಲು ಕ್ವಾರಿಯಲ್ಲಿ ಬಂಡೆ ಸಿಡಿಸುವ ಕಡ್ಡಿ. ಕುರ್ಚಿಗಳು ಒಂದೊಂದು ಅಡಿ ಹಿಂದೆ ಸರಿದವು. ಇದು ಆ ಜಿಲೆಟಿನ್ ಅಲ್ಲ, ಮಾತ್ರೆಯ ಕ್ಯಾಪ್ಸೂಲಿನ ಸಿಪ್ಪೆ, ಒಳಗೆ ನೀರಿನಲ್ಲಿ ತೊಳೆದುಹೋಗುವ ಬಣ್ಣ ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ನಿರ್ವಾಹಕರ ಅಂಗಿಯ ಜೇಬಿನಲ್ಲಿದ್ದ ಆ್ಯಸಿಡಿಟಿ ಕ್ಯಾಪ್ಸೂಲೇ ಕೊನೆಗೆ ನಮ್ಮ ಪರ ಸಾಕ್ಷಿ ಹೇಳಿತು. ಗುಂಡುಗಳ ಗತಿ ಅಷ್ಟರಲ್ಲಿ ಬೇರೆಯೇ ಆಗಿತ್ತು. ಮಾರ್ಚಿನ ಬಿಸಿಲಿಗೆ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಅಂಟಿನ ಉಂಡೆಯಂತಾಗಿದ್ದವು. ಜಿಲೆಟಿನ್ ಪ್ರಾಣಿಯ ಎಲುಬು ಚರ್ಮದಿಂದ ಬರುತ್ತದೆಂದು ತಿಳಿದದ್ದೇ ತಡ, ಅಕ್ಕ ಅವನ್ನು ಚಿಮಟಿಗೆಯಲ್ಲಿ ಹಿಡಿದು ಹಿತ್ತಲಿಗೆ ಎಸೆದಳು.

ನಡುವೆ ರಂಗಪಂಚಮಿ ಬಂತು. ಹೋಳಿಯ ಐದನೆಯ ದಿನ ಹುಬ್ಬಳ್ಳಿಯಲ್ಲಿ ಯಾರೂ ಬಿಳಿ ಅಂಗಿ ತೊಟ್ಟು ಹೊರಬೀಳುವುದಿಲ್ಲ. ಹಲಗೆಯ ಸದ್ದಿನ ಹಿಂದೆ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಮೇಲೆ ಬ್ಯಾರೆಲ್ಲು, ಬ್ಯಾರೆಲ್ಲಿನ ಸುತ್ತ ಹುಡುಗರು. ಯಾರಿಗೆ ಎರಚಬೇಕು ಎಂಬ ಪಟ್ಟಿಯಿಲ್ಲ, ಒಪ್ಪಿಗೆ ಪತ್ರವಿಲ್ಲ, ವೇಗದ ಮಿತಿಯಿಲ್ಲ. ಮರುದಿನ ಕಚೇರಿಗೆ ಹೋದರೆ ವಿಷಯ ನಿರ್ವಾಹಕರ ಎಡಗಿವಿಯ ಹಿಂದೆ ಬೆಳ್ಳಿ ಬಣ್ಣ, ಉಗುರುಸಂದಿಯಲ್ಲಿ ಗಾಢ ನೇರಳೆ. ಸೀಮೆಎಣ್ಣೆ ಹಚ್ಚಿ ತಿಕ್ಕಿದ ಗುರುತು ಕತ್ತಿನ ಮೇಲಿತ್ತು. ಆ ಕತ್ತನ್ನು ನನ್ನತ್ತ ತಿರುಗಿಸಿ ಅವರು ಗಂಭೀರವಾಗಿ ಕೇಳಿದರು:

“ಮನುಷ್ಯರ ಮೇಲೆ ಬಣ್ಣ ಹಾರಿಸುವುದು ಎಂದರೆ ಹೇಗೆ ಸಾಹೇಬರೇ? ಸಾರ್ವಜನಿಕ ಶಾಂತಿಯ ಪ್ರಶ್ನೆ ಬರುವುದಿಲ್ಲವೇ?”

ನಾನು ಅವರ ಕಿವಿಯನ್ನೇ ನೋಡುತ್ತ, ಆಡುವವರು ಮುಖಕ್ಕೆ ಗಟ್ಟಿ ಮುಸುಕು ಹಾಕಿರುತ್ತಾರೆ, ಗುಂಡಿನ ವೇಗ ಸೆಕೆಂಡಿಗೆ 300 ಅಡಿ ಮೀರದಂತೆ ಆಟಕ್ಕೆ ಮುಂಚೆ ಅಳೆಯುತ್ತಾರೆ, ಜರ್ಮನಿಯಲ್ಲಂತೂ ಗುಂಡಿನ ಶಕ್ತಿ 7.5 ಜೂಲ್ ದಾಟುವಂತಿಲ್ಲ, ಹದಿನೆಂಟು ತುಂಬದವನು ಇದನ್ನು ಕೊಳ್ಳುವಂತೆಯೂ ಇಲ್ಲ ಎಂದೆ. ಆ ಮಿತಿಯೊಳಗಿದೆ ಎನ್ನುವುದಕ್ಕೆ ಅಲ್ಲಿ ಐದು ಮೂಲೆಯ ಚೌಕಟ್ಟಿನಲ್ಲಿ ಎಫ್ ಅಕ್ಷರ ಕೊರೆದಿರುತ್ತಾರೆ. ಹುಡುಗ ಅದನ್ನೂ ತೋರಿಸಿದ. ಮೂವರು ಬಗ್ಗಿ ನೋಡಿದರು. “ಎಫ್ ಎಂದರೆ ಫೈರ್ ಇರಬೇಕು” ಎಂದರು ಒಬ್ಬರು. ನಿರಪಾಯಕಾರಿ ಎಂಬ ಠಸ್ಸೆಯೇ ನಮಗೆ ಅಪಾಯಕಾರಿಯಾಯಿತು.

ಅವರನ್ನೊಬ್ಬರನ್ನೇ ದೂರುವುದು ಅನ್ಯಾಯ. ಈ ಸಾಮಾನು ಗಡಿ ದಾಟಿದಂತೆ ಜಾತಿ ಬದಲಿಸುತ್ತದೆ. ಜರ್ಮನಿಯಲ್ಲಿ ಎಫ್ ಇದ್ದರೆ ಸಂಭಾವಿತ, ಇಲ್ಲದಿದ್ದರೆ ಅಪರಾಧಿ. ಆಸ್ಟ್ರೇಲಿಯಾಕ್ಕೆ ಪೊಲೀಸರ ಒಪ್ಪಿಗೆಯಿಲ್ಲದೆ ಒಯ್ದರೆ ಬಂದೂಕು ಒಯ್ದಂತೆಯೇ. ವಿಮಾನದವರ ಕಣ್ಣು ಮಾತ್ರ ಬಂದೂಕಿಗಿಂತ, ಗುಂಡು ಹಾರಿಸಲು ಗಾಳಿ ತುಂಬುವ ಅದರ ಸಿಲಿಂಡರಿನ ಮೇಲೆ. ಒತ್ತಡ ಚದರ ಇಂಚಿಗೆ 3000 ಪೌಂಡ್, ಕೆಲವದರಲ್ಲಿ 4500. ಆದ್ದರಿಂದ ಗಾಳಿ ಪೂರ್ತಿ ತೆಗೆದು, ಬಾಯಿಯ ಕವಾಟವನ್ನೂ ಬಿಚ್ಚಿ, ಒಳಗೆ ಇಣುಕಿ ನೋಡುವಂತೆ ಇಟ್ಟಿರಬೇಕು ಎನ್ನುತ್ತಾರೆ. ಇಡೀ ಪ್ರಕರಣದಲ್ಲಿ ಬುದ್ಧಿವಂತಿಕೆಯ ನಿಯಮ ಎಂದರೆ ಇದೊಂದೇ.

ಗೋಕುಲ ರಸ್ತೆಯಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡುವ ಅಂಗಡಿಯವನೊಬ್ಬ ಆ ಕೆಲಸ ಮಾಡಿಕೊಟ್ಟ. ಮೊದಲು ಗಾಳಿಯನ್ನೆಲ್ಲ ಬಿಟ್ಟ. ಬೇಸಿಗೆಯ ಎಮ್ಮೆಯಂತೆ ಸಿಲಿಂಡರು ದೀರ್ಘವಾಗಿ ಉಸಿರು ಬಿಟ್ಟಿತು. ಆಮೇಲೆ ಕವಾಟ ಬಿಚ್ಚಿ, ಒಂದು ಕಣ್ಣು ಮುಚ್ಚಿ, ಮೊಬೈಲಿನ ಟಾರ್ಚು ಹಿಡಿದು ಒಳಗೆ ನೋಡಿದ. “ಏನೂ ಇಲ್ಲ ಸಾಹೇಬರೇ.” ಅದನ್ನೇ ಬರೆದುಕೊಡು ಎಂದೆ. ಏನನ್ನು ಎಂದು ಕೇಳಿದ. ಏನೂ ಇಲ್ಲ ಎಂಬುದನ್ನು ಎಂದೆ. ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬಿಲ್ ಪುಸ್ತಕದ ಹಾಳೆ ಹರಿದು, ದುಂಡನೆಯ ಅಕ್ಷರದಲ್ಲಿ ‘ಒಳಗೆ ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿದ. ಮೊತ್ತದ ಜಾಗದಲ್ಲಿ ಅಭ್ಯಾಸಬಲದಿಂದ ಸೊನ್ನೆ ಬರೆದ. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಇಷ್ಟು ನಿಜವಾದ ದಾಖಲೆಯನ್ನು ನಾನು ನೋಡಿರಲಿಲ್ಲ.

ಹನ್ನೆರಡನೆಯ ದಿನ ಕಚೇರಿಯ ಪತ್ರವೂ ಕೈಗೆ ಬಂತು. ‘ಸದರಿ ವಸ್ತುವು ಬಂದೂಕಿನಂತೆ ಕಂಡುಬಂದರೂ ಬಂದೂಕಲ್ಲವೆಂದು ದೃಢೀಕರಿಸಲಾಗಿದೆ. ಮುಂದೆ ಸದರಿ ವಸ್ತುವು ಬಂದೂಕೆಂದು ಕಂಡುಬಂದಲ್ಲಿ ಈ ಕಚೇರಿ ಹೊಣೆಯಲ್ಲ.’ ಎರಡು ಠಸ್ಸೆ, ಒಂದು ಜಾವಕ ಸಂಖ್ಯೆ. ಅರ್ಜಿಗಳು, ತಿದ್ದಿದ ಅರ್ಜಿಗಳು, ನಿಯಮಗಳ ಪ್ರತಿ, ವೆಲ್ಡಿಂಗ್ ಚೀಟಿ ಎಲ್ಲ ಸೇರಿಸಿ ಕಡತ ಕಟ್ಟಿದೆ. ಮಾರ್ಕರಿಗಿಂತ ಕಡತದ ತೂಕವೇ ಹೆಚ್ಚಾಗಿ ಹುಡುಗ ಎರಡು ಜೀನ್ಸ್ ಪ್ಯಾಂಟು ಇಲ್ಲೇ ಬಿಟ್ಟ. ತೆರವಾದ ಜಾಗದಲ್ಲಿ ಅಕ್ಕ ಧಾರವಾಡ ಪೇಡೆ, ಶೇಂಗಾ ಚಟ್ನಿ, ಬ್ಯಾಡಗಿ ಖಾರದ ಪುಡಿ, ಆರು ಕೊಬ್ಬರಿ ಬಟ್ಟಲು ತುಂಬಿದಳು.

ಹದಿಮೂರನೆಯ ದಿನ ರಾತ್ರಿ ವಿಮಾನ ನಿಲ್ದಾಣದಿಂದ ಫೋನು ಬಂತು. ನಾನು ಎದೆ ಹಿಡಿದುಕೊಂಡು ಸ್ಪೀಕರಿಗೆ ಹಾಕಿದೆ.

“ಹೋಯಿತು ಮಾಮಾ. ಮಾರ್ಕರ್ ಏನೆಂದು ಕೇಳಿದರು, ಹೇಳಿದೆ, ಸಿಲಿಂಡರ್ ನೋಡಿದರು, ಬಿಟ್ಟರು. ಕಡತ ತೆಗೆಯಲೇ ಬಿಡಲಿಲ್ಲ. ಆದರೆ ಚೀಲ ಮತ್ತೆ ಬಿಚ್ಚಿಸಿದರು.”

“ಯಾಕೆ?”

“ಕೊಬ್ಬರಿಗೆ.”

ಒಣ ಕೊಬ್ಬರಿ ಎಣ್ಣೆಯಂಶದಿಂದ ತನಗೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥವಂತೆ. ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ಉಡಿ ತುಂಬುವ ಕೊಬ್ಬರಿ, ಲಾಡಿಗೆ ತುರಿಯುವ ಕೊಬ್ಬರಿ. ಆರೂ ಬಟ್ಟಲನ್ನು ಅಲ್ಲೇ ತೆಗೆದಿಡಿಸಿದರಂತೆ.

ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಆ ವೆಲ್ಡಿಂಗ್ ಅಂಗಡಿಯವನು ಕೊಬ್ಬರಿಗೂ ಒಂದು ಚೀಟಿ ಬರೆದುಕೊಡುತ್ತಾನೇನು, ಕೇಳಿ ನೋಡು.”