ಹಕ್ಕಿಗೆ ಕಾಣದ ಭಾವ

ನಮ್ಮ ಭಾವನಿಗೆ ಹಕ್ಕಿ ಫೋಟೊ ಹುಚ್ಚು ಹಿಡಿದಾಗ ಮೊದಲು ಮನೆಗೆ ಬಂದದ್ದು ಕ್ಯಾಮೆರಾ. ಆಮೇಲೆ ಅದಕ್ಕಿಂತ ದುಬಾರಿಯಾದ ಲೆನ್ಸ್. ಅಷ್ಟಕ್ಕೇ ನಿಂತಿದ್ದರೆ ಅಕ್ಕ ಸುಮ್ಮನಿರುತ್ತಿದ್ದಳೋ ಏನೋ. ಮುಂದಿನ ಪಾರ್ಸೆಲ್‌ನಲ್ಲಿ ಎಲೆ, ಕಡ್ಡಿ, ತೊಗಟೆಯ ಚಿತ್ರವಿರುವ ಪ್ಯಾಂಟು, ಜಾಕೆಟ್ಟು, ಟೋಪಿ, ಮುಖಕ್ಕೊಂದು ಮುಸುಕು ಬಂದವು. ಲೆನ್ಸಿಗೂ ಅದೇ ಬಟ್ಟೆಯ ಗವಸು!

"ಇದನ್ನ ತೋಟದಲ್ಲಿ ಒಣಹಾಕಿದ್ರೆ ವಾಪಸ್ ಹುಡುಕೋದ್ ಯಾರು?" ಎಂದಳು ಅಕ್ಕ.

"ಒಗೆಯೋ ಹಾಗೇ ಇಲ್ಲ ಕಣೇ," ಎಂದರು ಭಾವ. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು 3 ಬಗೆ. ಹಗಲು ಓಡಾಡುವ ಹೆಚ್ಚಿನ ಹಕ್ಕಿಗಳಿಗೆ 4 ಬಗೆ. ನಮಗೆ ಕಾಣದ ನೇರಳಾತೀತ ಬೆಳಕೂ ಎಷ್ಟೋ ಹಕ್ಕಿಗಳಿಗೆ ಕಾಣುತ್ತದೆ. ಬಟ್ಟೆ ಫಳಫಳ ಅನ್ನಲಿ ಎಂದು ಎಷ್ಟೋ ಸೋಪಿನ ಪುಡಿಗಳಿಗೆ ಹಾಕುವ ರಾಸಾಯನಿಕ ಆ ಬೆಳಕನ್ನು ಹೀರಿ ನೀಲಿಯಾಗಿ ಮಿನುಗುತ್ತದೆ. ಹಾಗಾಗಿ ಜಾಕೆಟ್ಟಿಗೆ ಸೋಪು ನಿಷಿದ್ಧ. ಬೆವರಿನ ವಾಸನೆಗೆ ಕೆರೆಯ ಹಕ್ಕಿಗಳು ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಕಾರಿನಲ್ಲಿ ಪಕ್ಕದಲ್ಲಿ ಕೂತವನ ಕಥೆ ಬೇರೆ.

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೋಗುವವರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಮೇಲಂಗಿ ಹಾಕುತ್ತಾರೆ. ಜಿಂಕೆಗೆ ಕಿತ್ತಳೆಗೂ ಹಸಿರಿಗೂ ಅಂಥ ವ್ಯತ್ಯಾಸ ತಿಳಿಯದು, ಇನ್ನೊಬ್ಬ ಬೇಟೆಗಾರನಿಗೆ ತಿಳಿಯುತ್ತದೆ. ಅದೇ ಟರ್ಕಿ ಕೋಳಿಯ ಬೇಟೆಗೆ ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ ಅಂತಾರೆ. ಟರ್ಕಿ ಹುಂಜದ ತಲೆ ಇರುವುದೇ ಆ ಬಣ್ಣಗಳಲ್ಲಿ, ಪೊದೆಯಾಚೆ ಕೂತವನು ನಿಮ್ಮ ಕರವಸ್ತ್ರ ನೋಡಿ ಗುಂಡು ಹಾರಿಸಿಬಿಟ್ಟರೆ? ಅಂದರೆ ಬಟ್ಟೆಯ ಅರ್ಧ ಚಿಂತೆ ಮನುಷ್ಯರದ್ದೇ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಕೋವಿ ಬದಲು ಕ್ಯಾಮೆರಾ. ಆದರೂ ಮನುಷ್ಯರ ಕಾಟ ತಪ್ಪಲಿಲ್ಲ. ಹೊಸಕೋಟೆ ಕಡೆಯ ಕೆರೆಗೆ ಹೋಗುವಾಗ ಟೀ ಅಂಗಡಿಯಲ್ಲಿ ಒಬ್ಬರು ಎದ್ದು ನಿಂತು ಸೆಲ್ಯೂಟ್ ಹೊಡೆದರು. "ಮಿಲ್ಟ್ರಿನಾ ಸಾರ್?" ಭಾವ ಮುಸುಕಿನೊಳಗೇ ನಕ್ಕರು. "ಕ್ಯಾಂಟೀನ್ ರಮ್ಮು ಒಂದ್ ಬಾಟ್ಲು ಕೊಡಿಸ್ತೀರಾ?" ಭಾವ ಆಡಿಟ್ ಕೆಲಸದವರು ಅಂದರೆ ಅವರು ನಂಬಲೇ ಇಲ್ಲ.

ಏರಿ ಇಳಿದರೋ ಇಲ್ಲವೋ, ಟಿಟ್ಟಿಭ ಶುರು ಹಚ್ಚಿಕೊಂಡಿತು. ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿ, ಅದರ ಕಾವಲು ಕೇಳಬೇಕೇ? ಕೆರೆಗೆಲ್ಲ ಡಂಗುರ ಸಾರಿತು. ಭಾವ ಬಗ್ಗಿ, ಎರಡು ಹೆಜ್ಜೆ ಇಟ್ಟು, ಗಕ್ಕನೆ ನಿಂತು, ದಿಟ್ಟಿಸಿ, ಮತ್ತೆ ಎರಡು ಹೆಜ್ಜೆ. ಇಲಿ ಹಿಡಿಯಲು ಹೊರಟ ಬೆಕ್ಕಿನ ನಡಿಗೆ. ಅಲ್ಲೇ ಆಚೆ ಕೆಂಪು ಸೀರೆಯ ಹೆಂಗಸೊಬ್ಬರು ಯಾರಿಗೋ ಫೋನಿನಲ್ಲಿ ಬೈಯುತ್ತಾ ಹುಲ್ಲು ಕೊಯ್ಯುತ್ತಿದ್ದರು. ಅವರ ಎಮ್ಮೆಯ ಕಾಲಡಿಯಲ್ಲಿ ಬೆಳ್ಳಕ್ಕಿಗಳು ಹುಳ ಹೆಕ್ಕುತ್ತಿದ್ದವು. ಸೀರೆ ಸೆರಗು ತಾಗುವಷ್ಟು ಹತ್ತಿರ! ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲೂ ಹೀಗೇ ಅಲ್ವಾ? ಮನೆ ಮುಂದಿನ ಮರದಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು, ಕೆಳಗೆ ಬಣ್ಣ ಬಣ್ಣದ ಬಟ್ಟೆ ತೊಟ್ಟ ಜನರ ಓಡಾಟ. ನನಗನ್ನಿಸುವುದು, ಹಕ್ಕಿಗೆ ಬಣ್ಣಕ್ಕಿಂತ ನಡವಳಿಕೆ ಮುಖ್ಯ. ತನ್ನ ಪಾಡಿಗೆ ತಾನಿರುವವರ ತಂಟೆಗೆ ಅದು ಹೋಗದು. ಕದ್ದು ಬರುವವರನ್ನು ಕಂಡರೆ ಮಾತ್ರ ಅನುಮಾನ.

ಹಾಗಂತ ಆ ಬಟ್ಟೆ ಪೂರ್ತಿ ದಂಡ ಅನ್ನಲಾರೆ. ಬೆವರು ಒರೆಸಲೆಂದು ಭಾವ ಲೆನ್ಸಿನ ಗವಸು, ಟೋಪಿ ತೆಗೆದು ಒಣ ಎಲೆಗಳ ಮೇಲೆ ಇಟ್ಟರು. ಟೋಪಿ ಸಿಕ್ಕಿತು. ಗವಸು ಈಗಲೂ ಅಲ್ಲೇ ಇದೆ.

ವಾಪಸ್ ಬರುವಾಗ ಕರೆಂಟ್ ತಂತಿಯ ಮೇಲೆ ನೀಲಕಂಠ ಕೂತಿತ್ತು, ನಮ್ಮ ರಾಜ್ಯದ ಹಕ್ಕಿ. ಕೂತಾಗ ಮಾಸಲು ಕಂದು, ಹಾರಿದರೆ ರೆಕ್ಕೆ ಪೂರಾ ನೀಲಿ. ನಾನು ಕಾರು ನಿಧಾನ ಮಾಡಿದೆ. ಹಕ್ಕಿ ಅಲುಗಲಿಲ್ಲ. ಕಾರು ಎಂದರೆ ಅದಕ್ಕೆ ದಿನಾ ನೋಡುವ ದನದ ಹಾಗೆಯೇ ಇರಬೇಕು. ಹಿಂದಿನ ಸೀಟಿನಲ್ಲಿ ಅಕ್ಕ ಕೋಡುಬಳೆ ಪ್ಯಾಕೆಟ್ ಬಿಚ್ಚಿದರೂ ಜಪ್ಪಯ್ಯ ಅನ್ನಲಿಲ್ಲ. ಭಾವ ಕಿಟಕಿ ಇಳಿಸಿ, ಅದು ರೆಕ್ಕೆ ಬಿಚ್ಚಿದ ಗಳಿಗೆಗೆ ಸರಿಯಾಗಿ ಕ್ಲಿಕ್ಕಿಸಿದರು. ಚಿತ್ರ ನಿಜಕ್ಕೂ ಚೆನ್ನಾಗಿತ್ತು.

ರಾತ್ರಿ ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಕ್ಯಾಮೆರಾ, ಲೆನ್ಸು, ಶಟರ್ ವೇಗ, ಜಾಕೆಟ್ಟಿನ ಕಂಪನಿ ಎಲ್ಲ ಬರೆದಿದ್ದರು. ಕಾರು ಟೊಮೆಟೊ ಕೆಂಪು ಅನ್ನುವುದೊಂದನ್ನು ಬಿಟ್ಟು.